ಪುಲ್ ರಿಕ್ವೆಸ್ಟ್, ಇಮೇಲ್ ಪ್ಯಾಚ್, ಗೆರಿಟ್: ಮೂರೂ ಬಳಸಿ ನೋಡಿದ್ಮೇಲೆ

ಓಪನ್ ಸೋರ್ಸ್‌ಗೆ, ಅಂದ್ರೆ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಕೋಡ್ ಹೆಂಗೆ ಕಳಿಸಬೇಕು ಅನ್ನೋ ಮಾತು ಬಂದ್ರೆ ಸಾಕು, ದಾವಣಗೆರೆ ವಿದ್ಯಾನಗರದ ನಮ್ ಹುಡುಗರು ಎರಡು ಪಾರ್ಟಿ ಆಗ್ಬಿಡ್ತಾರೆ, ಒಂದ್ ಕಡೆಯವರು ಗಿಟ್‌ಹಬ್ ಸೈಟಿನ ಪುಲ್ ರಿಕ್ವೆಸ್ಟ್ (ನನ್ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಇರೋವಾಗ ಬೇರೆ ಯಾಕೆ ಅಂತಾರೆ, ಇನ್ನೊಂದ್ ಕಡೆಯವರು ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಇಮೇಲ್‌ನಲ್ಲಿ ಪ್ಯಾಚ್, ಅಂದ್ರೆ ಬದಲಾದ ಸಾಲುಗಳ ಪಟ್ಟಿ, ಕಳಿಸಿದೋನೇ ಡೆವಲಪರ್ ಅಂತಾರೆ. ನಾನು ಎರಡೂ ಮಾಡಿದೀನಿ, ವಿಕಿಪೀಡಿಯ ನಡೆಸೋ ವಿಕಿಮೀಡಿಯಾದವರು ಕೋಡ್ ರಿವ್ಯೂಗೆ (ಓದಿ ಪರಿಶೀಲಿಸೋಕೆ) ಇಟ್ಟಿರೋ ಗೆರಿಟ್‌ನೂ ಬಳಸಿದೀನಿ. ಮೊದಲ್ನೇ ಸಲ ಕಳಿಸೋದು ಎಷ್ಟು ಸುಲಭ ಅನ್ನೋದನ್ನೇ ಎಲ್ರೂ ನೋಡ್ತಾರೆ. ನನ್ ಪ್ರಕಾರ ನೋಡಬೇಕಾದ್ದು ಅದಲ್ಲ, ರಿವ್ಯೂ ಮಾಡೋರು "ಇಲ್ಲಿ ತಿದ್ದಿ" ಅಂದ್ಮೇಲೆ ಎರಡನೇ ಸಲ, ಮೂರನೇ ಸಲ ಕಳಿಸ್ತೀವಲ್ಲ, ಆಗ ಏನಾಗುತ್ತೆ ಅನ್ನೋದು.

ಪುಲ್ ರಿಕ್ವೆಸ್ಟ್ ಬಗ್ಗೆ ಜಾಸ್ತಿ ಹೇಳೋದು ಬೇಡ, ಎಲ್ರಿಗೂ ಗೊತ್ತಿರೋದೇ. ಜೆಕ್ವೆರಿ ಡಾಟ್ ಐಎಂಇ ಅಂತ ಒಂದ್ ಕೋಡ್ ಲೈಬ್ರರಿ ಐತೆ, ಬ್ರೌಸರ್‌ನಲ್ಲಿ ಕನ್ನಡ ಟೈಪ್ ಮಾಡೋಕೆ ಬೇಕಾದ ಕೀಬೋರ್ಡ್ ನಿಯಮಗಳೆಲ್ಲ ಅದ್ರಲ್ಲಿವೆ, ಅದು ಗಿಟ್‌ಹಬ್‌ನಲ್ಲೇ ಇರೋದ್ರಿಂದ ಫೋರ್ಕ್ ಮಾಡಿ (ನನ್ ಹೆಸರಲ್ಲೊಂದು ಪ್ರತಿ), ಬ್ರಾಂಚ್ ಮಾಡಿ (ಅದ್ರಲ್ಲೊಂದು ಕವಲು), ಪುಶ್ ಮಾಡಿ (ಸರ್ವರ್‌ಗೆ ಕಳಿಸಿ), ಒಂದ್ ಬಟನ್ ಒತ್ತಿದ್ರೆ ಮುಗೀತು. ತೊಂದ್ರೆ ಶುರುವಾಗೋದು ರಿವ್ಯೂ ಬಂದ್ಮೇಲೆ. ತಿದ್ದಿದ್ದನ್ನ ಹೊಸ ಕಮಿಟ್ (ದಾಖಲಾದ ಒಂದು ಬದಲಾವಣೆ) ಮಾಡಿ ಮೇಲೆ ಹಾಕಿದ್ರೆ "ಫಿಕ್ಸ್", "ಮತ್ತೆ ಫಿಕ್ಸ್" ಅಂತ ಸಾಲು ಬೆಳೆಯುತ್ತೆ, ಕೊನೆಗೆ ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳ್ಳೋರು) ಸ್ಕ್ವಾಶ್ ಮಾಡಿ ಎಲ್ಲಾ ಒಂದೇ ಮುದ್ದೆ ಮಾಡ್ತಾರೆ. ಅದು ಬೇಡ ಅಂತ ರೀಬೇಸ್ ಮಾಡಿ, ಅಂದ್ರೆ ಕಮಿಟ್‌ಗಳನ್ನ ಮತ್ತೆ ಜೋಡಿಸಿ, ಹಳೇದರ ಮೇಲೇ ಫೋರ್ಸ್ ಪುಶ್ ಮಾಡಿದ್ರೆ ಹಳೇ ಕಾಮೆಂಟ್‌ಗಳ ಮೇಲೆ ಔಟ್‌ಡೇಟೆಡ್ ಅಂತ ಬೀಳುತ್ತೆ, ಪಾಪ ರಿವ್ಯೂ ಮಾಡಿದೋರು ತಾವು ಹೇಳಿದ್ದು ಎಲ್ಲಿ ಸರಿ ಆಗಿದೆ ಅಂತ ಹುಡುಕ್ತಾ ಕೂರಬೇಕು. 2012ರಲ್ಲೇ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್‌ಹಬ್ ಪುಲ್ ರಿಕ್ವೆಸ್ಟ್ ನಾನು ತಗೊಳ್ಳಲ್ಲ ಅಂದಿದ್ರು, ಕಮಿಟ್ ಮೆಸೇಜ್ (ಏನು ಬದಲಾಯ್ತು, ಯಾಕೆ ಅನ್ನೋ ಬರಹ) ಅಚ್ಚುಕಟ್ಟಾಗಿ ಇರಲ್ಲ ಅನ್ನೋದು ಅವರ ತಕರಾರುಗಳಲ್ಲಿ ಒಂದು. ಆ ಮಾತು ಇವತ್ತಿಗೂ ಸರಿ ಅನ್ಸುತ್ತೆ ನನಗೆ, ಕಮಿಟ್ ಮೆಸೇಜ್ ಬರೆಯೋಕೆ ಅಲ್ಲಿ ಯಾರೂ ಒತ್ತಾಯ ಮಾಡಲ್ಲ.

ಇಮೇಲ್ ದಾರಿ ಪೂರ್ತಿ ಉಲ್ಟಾ, ಮೊದಲ್ನೇ ಸಲಕ್ಕೇ ಸಾಕ್ ಸಾಕಾಗುತ್ತೆ. ಫಾರ್ಮ್ಯಾಟ್ ಪ್ಯಾಚ್ ಕಮಾಂಡ್ ಹಾಕಿ ಕಮಿಟನ್ನ ಮೇಲ್ ರೂಪಕ್ಕೆ ತರ್ಬೇಕು, ತಪ್ಪು ಹುಡುಕೋ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸ್ಬೇಕು, ಗೆಟ್ ಮೇಂಟೇನರ್ ಓಡಿಸಿ ಯಾರ್ಯಾರಿಗೆ ಕಳಿಸಬೇಕು ಅಂತ ತಿಳ್ಕೋಬೇಕು, ಕೆಳಗೆ ಸೈನ್ಡ್ ಆಫ್ ಬೈ ಸಾಲು ಇರ್ಲೇಬೇಕು, ಈ ಕೋಡ್ ಕೊಡೋಕೆ ನನಗೆ ಹಕ್ಕಿದೆ ಅಂತ ಹೇಳೋ ಆ ಪದ್ಧತಿ 2004ರಲ್ಲಿ ಬಂದಿದ್ದು. ಜಿಮೇಲ್ ವೆಬ್‌ನಲ್ಲಿ ಪೇಸ್ಟ್ ಮಾಡಿ ಕಳಿಸೋ ಹಂಗಿಲ್ಲ, ಅದು ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡುತ್ತೆ, ಪ್ಯಾಚ್ ಆಮೇಲೆ ಕೋಡ್‌ಗೆ ಹತ್ತಲ್ಲ. ಅದಕ್ಕೇ ಗಿಟ್‌ನ (ಕೋಡ್ ಬದಲಾವಣೆ ದಾಖಲಿಸೋ ಟೂಲ್) ಗಿಟ್ ಸೆಂಡ್ ಇಮೇಲ್ ಕಮಾಂಡ್, ಅದಕ್ಕೆ ಜಿಮೇಲ್‌ನ ಆಪ್ ಪಾಸ್‌ವರ್ಡ್. ಇಲ್ಲಿನ ಒಂದು ಕಾಲೇಜಿನ ವೈಫೈನಲ್ಲಿ ಮೇಲ್ ಕಳಿಸೋ 587 ಪೋರ್ಟ್ ಬ್ಲಾಕ್ ಇತ್ತು, ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡೇ ಕಳಿಸಬೇಕಾಯ್ತು. ಈಗ ಬಿ4 ಅನ್ನೋ ಟೂಲ್ ಬಂದಿದೆ, ಕರ್ನಲ್‌ನವರ ವೆಬ್ ಸರ್ವರ್ ಮೂಲಕವೇ ಪ್ಯಾಚ್ ಹೋಗುತ್ತೆ, ಈ ಪೋರ್ಟ್ ಗೋಳು ಇಲ್ಲ.

ಆದ್ರೆ ರಿವ್ಯೂ ಬಂತು ನೋಡ್ರಿ, ಅಲ್ಲಿ ಇಮೇಲ್‌ನ ಬೆಲೆ ಗೊತ್ತಾಗುತ್ತೆ. ನಾನು ಬರೆದ ಸಾಲು, ಅದರ ಕೆಳಗೇ ಅವರ ಪ್ರಶ್ನೆ, ಅದರ ಕೆಳಗೆ ನನ್ ಉತ್ತರ, ಮಧ್ಯೆ ಬೇಡದ್ದನ್ನೆಲ್ಲ ಕತ್ತರಿಸಿ ಬೇಕಾದ್ದಷ್ಟೇ ಉಳಿಸಿರ್ತಾರೆ. ಕಮಿಟ್ ಮೆಸೇಜ್ ಮೇಲೂ ಕೋಡ್‌ಗೆ ಹೇಳಿದ ಹಂಗೇ ಸಾಲು ಸಾಲಾಗಿ ಹೇಳ್ತಾರೆ. ಎರಡನೇ ಸಲ ಕಳಿಸುವಾಗ ಸಬ್ಜೆಕ್ಟ್‌ನಲ್ಲಿ ವಿ2 ಅಂತ ಹಾಕಿ, ಮೂರು ಅಡ್ಡಗೆರೆ ಕೆಳಗೆ ಏನೇನು ಬದಲಾಯ್ತು ಅಂತ ಬರೀಬೇಕು, ಅಲ್ಲಿ ಬರೆದಿದ್ದು ಹಿಸ್ಟರಿಗೆ ಹೋಗಲ್ಲ, ಓದೋರಿಗೆ ಮಾತ್ರ. ಪೂರ್ತಿ ಥ್ರೆಡ್ ಡೌನ್‌ಲೋಡ್ ಮಾಡಿಟ್ಕೊಂಡ್ರೆ ಬೇಸಿಗೇಲಿ ಕರೆಂಟ್ ಹೋಗಿ ನೆಟ್ ಇಲ್ದೆ ಇದ್ರೂ ಕೂತು ಓದಬಹುದು, ಉತ್ತರನೂ ಬರೆದಿಡಬಹುದು.

ಗೆರಿಟ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲ್ಲ, ಅದೇ ಬೇಜಾರು. ಆಂಡ್ರಾಯ್ಡ್, ಕ್ರೋಮಿಯಂ, ಲಿಬ್ರೆಆಫೀಸ್ ಎಲ್ಲಾ ಅದ್ರಲ್ಲೇ ನಡೆಯೋದು, ವಿಕಿಮೀಡಿಯಾ 2012ರಿಂದ ಬಳಸ್ತಿದೆ. ಇಲ್ಲಿ ಒಂದು ಕಮಿಟ್ ಅಂದ್ರೆ ಒಂದು ಚೇಂಜ್, ಅಷ್ಟೇ. ಕಮಿಟ್ ಮಾಡಿದ ತಕ್ಷಣ ಒಂದು ಹುಕ್ (ತಾನಾಗೇ ಓಡೋ ಸ್ಕ್ರಿಪ್ಟ್) ಮೆಸೇಜ್ ಕೆಳಗೆ ಚೇಂಜ್ ಐಡಿ ಅಂತ ಉದ್ದದ ನಂಬರ್ ಸೇರಿಸುತ್ತೆ, ಆಮೇಲೆ ಗಿಟ್ ರಿವ್ಯೂ ಕಮಾಂಡ್ ಕೊಟ್ರೆ ಗೆರಿಟ್‌ಗೆ ಹೋಯ್ತು. ತಿದ್ದಬೇಕಾದ್ರೆ ಹೊಸ ಕಮಿಟ್ ಇಲ್ಲ, ಅದನ್ನೇ ಅಮೆಂಡ್ ಮಾಡಿ ಮತ್ತೆ ಕಳಿಸೋದು, ಐಡಿ ಅದೇ ಇರೋದ್ರಿಂದ ಅದೇ ಪೇಜಿನಲ್ಲಿ ಪ್ಯಾಚ್‌ಸೆಟ್ 2, 3 ಅಂತ ಕೂರುತ್ತೆ. ಎಡಗಡೆ ಪ್ಯಾಚ್‌ಸೆಟ್ 1, ಬಲಗಡೆ 3 ಇಟ್ಕೊಂಡು ನೋಡಿದ್ರೆ ಯಾವ ಸಾಲಿಗೆ ಯಾರು ಏನಂದ್ರು, ನಾನು ಏನು ತಿದ್ದಿದೆ ಅನ್ನೋದು ಅಲ್ಲೇ ಕಾಣುತ್ತೆ, ಕಮಿಟ್ ಮೆಸೇಜ್ ಕೂಡ ಒಂದು ಫೈಲ್ ಥರ ಫೈಲ್ ಪಟ್ಟಿಯ ಮೊದಲ್ನೇ ಸಾಲಲ್ಲೇ ಇರುತ್ತೆ, ಅದಕ್ಕೂ ಕಾಮೆಂಟ್ ಬರುತ್ತೆ. ಇಮೇಲ್‌ನ ಶಿಸ್ತೂ ಸಿಗುತ್ತೆ, ಮೇಲ್ ಕಳಿಸೋ ಎಸ್‌ಎಂಟಿಪಿ ಒದ್ದಾಟನೂ ಇಲ್ಲ. ಕಷ್ಟ ಅಂದ್ರೆ ಅಮೆಂಡ್, ರೀಬೇಸ್ ಗೊತ್ತಿಲ್ದೋರು ಮೊದಲ ವಾರ ಒದ್ದಾಡ್ತಾರೆ, ಚೇಂಜ್ ಐಡಿ ಅಳಿಸಿದ್ರೆ ಬೇರೆ ಚೇಂಜೇ ಹುಟ್ಟುತ್ತೆ. 2020ರಲ್ಲಿ ವಿಕಿಮೀಡಿಯಾದಲ್ಲೇ ಗಿಟ್‌ಹಬ್ ಥರದ ಗಿಟ್‌ಲ್ಯಾಬ್‌ಗೆ ಹೋಗೋಣ ಅನ್ನೋ ಚರ್ಚೆ ಜೋರಾಗಿ ನಡೀತು, ಹೊಸಬರಿಗೆ ಗೆರಿಟ್ ಕಷ್ಟ ಅನ್ನೋದು ಆಗ ಬಂದ ಮುಖ್ಯ ವಾದಗಳಲ್ಲಿ ಒಂದು. ಆ ವಾದ ಸುಳ್ಳಲ್ಲ, ಆದ್ರೆ ಆ ಒಂದು ವಾರದ ಕಷ್ಟಕ್ಕೆ ಹೆದರಬಾರದು ಅಂತೀನಿ ನಾನು.

ನನ್ ಆಯ್ಕೆ ಗೆರಿಟ್, ಆಮೇಲೆ ಇಮೇಲ್, ಕೊನೆಗೆ ಪುಲ್ ರಿಕ್ವೆಸ್ಟ್. ಹಂಗಂತ ಪ್ರಾಜೆಕ್ಟ್ ಯಾವ್ದು ಕೇಳುತ್ತೋ ಅದನ್ನೇ ಮಾಡ್ಬೇಕು, ಅಲ್ಲಿ ಹೋಗಿ ನಿಮ್ ದಾರಿ ಬದಲಾಯಿಸಿ ಅನ್ನೋ ಹಕ್ಕು ಹೊಸಬರಿಗಿಲ್ಲ. ದಾವಣಗೆರೆಯಲ್ಲಿ ಈಗ ಶುರು ಮಾಡೋರು ಪುಲ್ ರಿಕ್ವೆಸ್ಟ್‌ನಿಂದಲೇ ಶುರು ಮಾಡ್ಲಿ, ಆದ್ರೆ ಬ್ರಾಂಚ್‌ನಲ್ಲಿ ಒಂದೇ ಕಮಿಟ್ ಇಟ್ಕೊಂಡು ಅಮೆಂಡ್ ಮಾಡೋದು ಕಲೀರಿ, ಪ್ರತಿ ಸಲ ಪುಶ್ ಮಾಡಿದಾಗ ಏನು ಬದಲಾಯ್ತು ಅಂತ ಎರಡು ಸಾಲು ಕಾಮೆಂಟ್ ಹಾಕಿ. ಇಮೇಲ್ ಕಡೆ ಹೋಗೋರು ಮೊದಲ ಪ್ಯಾಚನ್ನ ನಿಮ್ ಅಡ್ರೆಸ್‌ಗೇ ಕಳಿಸ್ಕೊಂಡು, ಬಂದ ಮೇಲ್‌ನ ಗಿಟ್ ಎಎಂ ಕಮಾಂಡ್ ಹಾಕಿ ಕೋಡ್‌ಗೆ ಅಪ್ಲೈ ಆಗುತ್ತಾ ನೋಡ್ರಿ, ಅಪ್ಲೈ ಆದ್ರೆ ಮಾತ್ರ ಮೇಂಟೇನರ್‌ಗೆ ಕಳಿಸಿ.