ಒಳಗೆ ಹೋಗುವ ಮೊದಲು ಹೊರಬರುವ ದಾರಿಯನ್ನು ಕೇಳಿ: ದಾವಣಗೆರೆಯ ಬೆಳಕಿನ ಪ್ರದರ್ಶನದಲ್ಲಿ ನಮಗಾದದ್ದು

ದಾವಣಗೆರೆಯ ಮೈದಾನವೊಂದರಲ್ಲಿ ತಿಂಗಳಿಗೂ ಮೇಲ್ಪಟ್ಟು ನಡೆಯುತ್ತಿರುವ, ಒಳಗೆ ನಡೆದುಕೊಂಡು ಹೋಗುತ್ತ ನೋಡುವ ಬೆಳಕು ಮತ್ತು ಧ್ವನಿಯ ಪ್ರದರ್ಶನ ಈ ವಾರ ಮುಗಿಯುತ್ತದೆ. ಇಲ್ಲಿಂದ ಡೇರೆ ಚಿತ್ರದುರ್ಗಕ್ಕೆ ಹೋಗುತ್ತದೆ ಎಂದು ಅಲ್ಲಿನ ಕೆಲಸಗಾರರೇ ಹೇಳಿದ್ದಾರೆ. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆ ಕಡೆಯ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಹೊರಡುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳು ನನ್ನ ತಂಗಿಯ ಮಗನಿಗೆ ಆ ಡೇರೆಯ ಕತ್ತಲೆಯಲ್ಲಿ ಮೂರ್ಛೆ ಬಂತು. ಅವನನ್ನು ಹೊರಗೆ ತರಲು ನಮಗೆ ಬಾಗಿಲು ಸಿಗಲಿಲ್ಲ.

ಹುಡುಗನಿಗೆ ಹನ್ನೊಂದು ವರ್ಷ. ಏಳನೆಯ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂದಾಗ ಮಾಡಿಸಿದ ಇ.ಇ.ಜಿ. ಪರೀಕ್ಷೆಯಲ್ಲಿ, ಕಣ್ಣೆದುರು ಮಿಟುಕುವ ದೀಪ ಹಿಡಿದ ಹೊತ್ತಿನಲ್ಲಿ ಅವನ ಮಿದುಳಿನ ಅಲೆಗಳು ಏರುಪೇರಾಗಿದ್ದವು. ಬೆಳಕು ಪಟಪಟನೆ ಹೊತ್ತಿ ಆರುವ ಕಡೆ ಅವನನ್ನು ಬಿಡಬೇಡಿ ಎಂದು ವೈದ್ಯರು ಅಂದೇ ಹೇಳಿದ್ದರು. ಅಂದಿನಿಂದ ನನ್ನ ತಂಗಿ ಮದುವೆ ಮನೆಯ ಆರ್ಕೆಸ್ಟ್ರಾ ದೀಪದ ಮುಂದೆಯೂ ಅವನನ್ನು ಕೂರಿಸಿದವಳಲ್ಲ. ದುರ್ಗಮ್ಮನ ಜಾತ್ರೆಗೆ ಹೋದರೂ ದೊಡ್ಡ ದೊಡ್ಡ ಆಟಗಳ ಸಾಲಿಗೆ ಬೆನ್ನು ಹಾಕಿಸಿ, ಮಂಡಕ್ಕಿ ಮಿರ್ಚಿ ಕೊಡಿಸಿ ಕರೆತರುತ್ತಿದ್ದಳು. ಹೊತ್ತು ತಪ್ಪದೆ ಮಾತ್ರೆ ಕೊಟ್ಟು, ನಿದ್ದೆಗೆಡದಂತೆ ನೋಡಿಕೊಂಡು, ಇಪ್ಪತ್ತೆರಡು ತಿಂಗಳು ಒಂದೇ ಒಂದು ಸಲವೂ ಫಿಟ್ಸ್ ಬಾರದಂತೆ ಅವನನ್ನು ಕಾಪಾಡಿದ್ದಳು. ಎರಡು ವರ್ಷ ತುಂಬಿದರೆ ಮಾತ್ರೆ ಕಡಿಮೆ ಮಾಡುವ ಬಗ್ಗೆ ಯೋಚಿಸೋಣ ಎಂದು ವೈದ್ಯರು ಹೇಳಿದ್ದರು. ಅಂದರೆ ಉಳಿದದ್ದು ಎರಡೇ ತಿಂಗಳು.

ಇಂಥವಳು ವಿಚಾರಿಸದೆ ಹೋಗಿರಬಹುದೆಂದು ಯಾರೂ ತಿಳಿಯಬಾರದು. ಟಿಕೆಟ್ ಕೊಡುವ ಕಿಟಕಿಯಲ್ಲಿ, ನನ್ನೆದುರಿಗೇ, ಮಗನಿಗೆ ಫಿಟ್ಸ್ ಇದೆ, ಒಳಗೆ ಮಿಣಮಿಣ ಅನ್ನುವ ಲೈಟು ಇದೆಯೇ ಎಂದು ಬಿಡಿಸಿ ಕೇಳಿದಳು. “ಬರೀ ಗೋಡೆ ಮೇಲೆ ಸಿನಿಮಾ ಇದ್ದಂಗೆ ಅಕ್ಕಾ, ಕೂಸುಗಳೇ ಹೋಗಿ ಬರ್ತಾವೆ, ಏನೂ ಆಗಂಗಿಲ್ಲ” ಎಂದು ಕಿಟಕಿಯಲ್ಲಿದ್ದವರು ತಲೆ ಎತ್ತದೆ ಹೇಳಿದರು. ಬ್ಯಾನರಿನಲ್ಲಿಯೂ ‘ಮಕ್ಕಳಿಂದ ಹಿರಿಯರವರೆಗೆ ಎಲ್ಲರಿಗೂ’ ಎಂದಿತ್ತು. ನಮ್ಮ ತಾಯಿಯೂ ಸೇರಿ ನಾಲ್ವರಿಗೆ, ತಲೆಗೆ ಮುನ್ನೂರರಂತೆ, ಸಾವಿರದ ಇನ್ನೂರು ರೂಪಾಯಿ ಕೊಟ್ಟು ಒಳಗೆ ಹೋದೆವು. ಒಳಗೆ ಆಗುವ ಯಾವ ತೊಂದರೆಗೂ ಆಯೋಜಕರು ಹೊಣೆಯಲ್ಲ ಎಂದು ಟಿಕೆಟಿನ ಹಿಂಬದಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದದ್ದನ್ನು ನಾನು ಓದಿದ್ದು ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ.

ಮೊದಲ ಕೋಣೆಗಳು ನಿಜಕ್ಕೂ ಚೆನ್ನಾಗಿದ್ದವು. ಅದನ್ನು ಮರೆಮಾಚುವುದು ಸರಿಯಲ್ಲ. ನಾಲ್ಕು ಕಡೆಯ ಬಿಳಿ ಬಟ್ಟೆಯ ಮೇಲೆ ಹಂಪಿಯ ಕಲ್ಲಿನ ರಥ ಮೂಡಿ ಬಂದು, ಕಾಲಡಿಯ ನೆಲದ ಮೇಲೆ ತುಂಗಭದ್ರೆಯ ನೀರು ಹರಿದಾಗ ನಮ್ಮ ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದರು. ಮುಂದಿನ ಕನ್ನಡಿ ಕೋಣೆಯಲ್ಲಿ ಎಲ್.ಇ.ಡಿ. ದೀಪಗಳ ಸರಗಳು ಸಾವಿರವಾಗಿ ಕಂಡವು. ಹುಡುಗ ತನ್ನ ಪ್ರತಿಬಿಂಬಗಳನ್ನು ಎಣಿಸುತ್ತ ನಿಂತಿದ್ದ. ಅಲ್ಲಿಯವರೆಗೆ ಬೆಳಕು ನಿಧಾನವಾಗಿ ಬಣ್ಣ ಬದಲಿಸುತ್ತಿದ್ದುದರಿಂದ ತಂಗಿಯ ಮುಖದಲ್ಲಿದ್ದ ಬಿಗಿಯೂ ಸಡಿಲಗೊಂಡಿತ್ತು.

ನಾಲ್ಕನೆಯದು ಮಳೆಗಾಲದ ಕೋಣೆ. ಕಪ್ಪು ಪರದೆ ಸರಿಸಿ ಕಾಲಿಡುತ್ತಲೇ ಹೊಗೆ ತುಂಬಿಕೊಂಡಿತು, ಗುಡುಗಿನ ಸದ್ದು ಎದೆಗೆ ಬಡಿಯಿತು, ಮತ್ತು ಮಿಂಚಿನ ಹೆಸರಿನಲ್ಲಿ ಮೇಲಿನಿಂದಲೂ ಎರಡೂ ಬದಿಯಿಂದಲೂ ಬಿಳಿಯ ಸ್ಟ್ರೋಬ್ ದೀಪಗಳು, ಅಂದರೆ ಪಟಪಟನೆ ಹೊತ್ತಿ ಆರುವ ಪ್ರಖರ ದೀಪಗಳು, ಎಡೆಬಿಡದೆ ಹೊಡೆಯತೊಡಗಿದವು. ನಿಜವಾದ ಮಿಂಚು ಒಮ್ಮೆ ಮಿಂಚಿ ಸುಮ್ಮನಾಗುತ್ತದೆ. ಇದು ನಿಲ್ಲಲೇ ಇಲ್ಲ. ಹೊಗೆಯ ಕಣಕಣವೂ ಆ ಬೆಳಕನ್ನು ಹಿಡಿದು ಚೆಲ್ಲುತ್ತಿದ್ದುದರಿಂದ ಎತ್ತ ಮುಖ ತಿರುಗಿಸಿದರೂ ಅದೇ ಹೊಡೆತ. ತಂಗಿ ಕೂಡಲೇ ಮಗನನ್ನು ಹಿಂದಕ್ಕೆ ಎಳೆದಳು. ಆದರೆ ನಮ್ಮ ಹಿಂದೆ ಇನ್ನೊಂದು ತಂಡವನ್ನು ಆಗಲೇ ಒಳಗೆ ಬಿಟ್ಟಿದ್ದರು. ಪರದೆಯ ಬಳಿ ಇದ್ದ ಹುಡುಗನೊಬ್ಬ “ಮುಂದಕ್ಕೆ ನಡೀರಿ, ವಾಪಸ್ ಬಿಡಂಗಿಲ್ಲ” ಎಂದು ಕೈ ಅಡ್ಡ ಹಿಡಿದ. ಅವಳು ಅವನ ಜೊತೆ ಮಾತನಾಡುತ್ತಿದ್ದ ಆ ಕೆಲವೇ ಕ್ಷಣಗಳಲ್ಲಿ ಮಗನ ಕತ್ತು ಒಂದು ಕಡೆಗೆ ತಿರುಗಿತು, ದೇಹ ಸೆಟೆದುಕೊಂಡಿತು, ಅವನು ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದ.

ದೀಪ ನಿಲ್ಲಿಸಿ ಎಂದು ನಾವು ಕೂಗಿದ್ದು ಗುಡುಗಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಪ್ರಯೋಜನವಿರಲಿಲ್ಲ. ಸ್ವಿಚ್ಚುಗಳೆಲ್ಲ ಡೇರೆಯ ಹೊರಗಿನ ಒಂದು ಕ್ಯಾಬಿನ್ನಿನಲ್ಲಿದ್ದವು. ಪರದೆಯ ಬಳಿಯ ಹುಡುಗನ ಕೈಯಲ್ಲಿ ವಾಕಿಟಾಕಿ ಹೋಗಲಿ, ಒಂದು ಸೀಟಿಯೂ ಇರಲಿಲ್ಲ. ಹೊರಗೆ ಹೋಗುವ ದಾರಿ ಎಲ್ಲಿ ಎಂದು ಅವನನ್ನು ಕೇಳಿದರೆ ಇನ್ನೂ ಮೂರು ಕೋಣೆ ದಾಟಬೇಕು ಎಂದ. ಹಸಿರು ಬಣ್ಣದ ನಿರ್ಗಮನ ಫಲಕಕ್ಕಾಗಿ ಸುತ್ತ ನೋಡಿದೆ. ನಾಲ್ಕು ಕಡೆಯೂ ಕಪ್ಪು ಬಟ್ಟೆಯೇ. ಕೊನೆಗೆ ನಮ್ಮ ತಂಡದಲ್ಲಿದ್ದ ಒಬ್ಬ ಮಹನೀಯರು, ಅವರ ಹೆಸರನ್ನು ಕೇಳಿಕೊಳ್ಳಲೂ ನನಗೆ ಅಂದು ತೋಚಲಿಲ್ಲ, ಡೇರೆಯ ಅಂಚನ್ನು ಬಿಗಿದಿದ್ದ ಹಗ್ಗ ಬಿಚ್ಚಿ, ತಾಡಪಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಹಿಡಿದರು. ಅದರ ಅಡಿಯಿಂದ ಹುಡುಗನನ್ನು ಮಲಗಿಸಿಕೊಂಡೇ ಹೊರಗೆ ಜರುಗಿಸಿದೆವು. ಹೊರಗೆ ಬಂದರೆ ಎರಡು ಮಾರು ದೂರದಲ್ಲಿ ಡೀಸೆಲ್ ಜನರೇಟರ್ ಓಡುತ್ತಿತ್ತು. ಅದರಿಂದ ಹೊರಟ ದಪ್ಪ ಕೇಬಲ್ಲುಗಳ ಜೋಡಣೆಗಳಿಗೆ ಬರಿಯ ಟೇಪು ಸುತ್ತಿ, ಒಣಹುಲ್ಲಿನ ಮೇಲೆಯೇ ಹಾಸಿದ್ದರು.

ಅಲ್ಲಿ ಸೇರಿದ ಜನರಲ್ಲಿ ಒಬ್ಬರು ಕೀಲಿಕೈ ಗೊಂಚಲನ್ನು ತಂದು ಹುಡುಗನ ಮುಷ್ಟಿಯಲ್ಲಿ ತುರುಕಿದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ಬಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ, ಬಾಯಿಗೆ ಏನನ್ನಾದರೂ ಇಟ್ಟರೆ ಹಲ್ಲು ಮುರಿದು ಉಸಿರಿಗೆ ಅಡ್ಡವಾಗಬಹುದು. ಮಗ್ಗುಲಾಗಿ ಮಲಗಿಸಬೇಕು, ತಲೆಯ ಕೆಳಗೆ ಮೆತ್ತಗಿನದನ್ನು ಇಡಬೇಕು, ಅದುಮಿ ಹಿಡಿಯಬಾರದು, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ನನ್ನ ತಂಗಿಗೆ ಇದೆಲ್ಲ ಗೊತ್ತಿದ್ದುದರಿಂದ ಹುಡುಗ ಉಳಿದುಕೊಂಡ ಎಂದೇ ನಾನು ನಂಬಿದ್ದೇನೆ. ಅವನಿಗೆ ಪೂರ್ತಿ ಎಚ್ಚರವಾಗಲು ಅರ್ಧ ಗಂಟೆ ಹಿಡಿಯಿತು. ಎಚ್ಚರವಾದವನು ಮೊದಲು ಕೇಳಿದ್ದು, “ಅಮ್ಮಾ, ಎರಡು ವರ್ಷ ಆಗಲಿಲ್ವಾ?” ಎಂದು.

ಈ ತೊಂದರೆಯ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮೂರ್ಛೆರೋಗ ಇರುವವರಲ್ಲಿ ಮಿಟುಕುವ ಬೆಳಕಿಗೆ ಫಿಟ್ಸ್ ಬರುವವರು ನೂರಕ್ಕೆ ಸುಮಾರು ಮೂವರು ಮಾತ್ರ. ಆದರೆ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಇದು ಹೆಚ್ಚು, ಮತ್ತು ಇಂಥ ಪ್ರದರ್ಶನಗಳಿಗೆ ಹಟ ಹಿಡಿದು ಬರುವವರೂ ಅದೇ ವಯಸ್ಸಿನವರು. ಸೆಕೆಂಡಿಗೆ ಮೂರರಿಂದ ಮೂವತ್ತು ಸಲದವರೆಗೆ ಮಿಟುಕುವ ಬೆಳಕು ಅಪಾಯಕಾರಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿ.ವಿ.ಯ ಒಂದು ಮಕ್ಕಳ ಕಾರ್ಟೂನಿನಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು ಹನ್ನೆರಡು ಸಲ ಬದಲಾಗುತ್ತ ಕೆಲವೇ ಸೆಕೆಂಡು ಮಿನುಗಿದ್ದಕ್ಕೆ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಅವರಲ್ಲಿ ಎಷ್ಟೋ ಮಂದಿಗೆ ಅದಕ್ಕೆ ಮೊದಲು ಫಿಟ್ಸ್ ಬಂದದ್ದೇ ಇರಲಿಲ್ಲ. ಹಾಗಾಗಿ ನಮ್ಮ ಮಗುವಿಗೆ ಏನೂ ಇಲ್ಲ ಎಂಬ ಧೈರ್ಯದ ಮೇಲೆ ಯಾರೂ ಇದನ್ನು ತಳ್ಳಿಹಾಕಬಾರದು. ಎದುರಿನಲ್ಲಿ ಬೆಳಕು ಮಿಟುಕತೊಡಗಿದರೆ ಕಣ್ಣು ಮುಚ್ಚಿಕೊಂಡರೆ ಸಾಕೆಂದು ನಾನೂ ತಿಳಿದಿದ್ದೆ. ರೆಪ್ಪೆಯ ಮೂಲಕವೂ ಬೆಳಕು ಒಳಗೆ ಹೋಗುತ್ತದೆ; ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಬೆಳಕಿಗೆ ಬೆನ್ನು ಮಾಡಬೇಕು ಎಂದು ವೈದ್ಯರು ಆಮೇಲೆ ಕಲಿಸಿದರು. ಹುಡುಗ ಈಗ ಅದನ್ನು ಕಲಿತಿದ್ದಾನೆ.

ಸದ್ದಿನ ವಿಷಯ ಇಷ್ಟೇ: ಕೈ ಚಾಚಿದಷ್ಟು ದೂರದಲ್ಲಿರುವವರ ಜೊತೆ ದನಿ ಏರಿಸದೆ ಮಾತನಾಡಲು ಆಗದಿದ್ದರೆ ಅಲ್ಲಿನ ಸದ್ದು ಕಿವಿಗೆ ಅಪಾಯ ತರುವ 85 ಡೆಸಿಬಲ್ ಮಟ್ಟವನ್ನು ದಾಟಿದೆ ಎಂದು ತಿಳಿಯಬಹುದು. ನೂರು ಡೆಸಿಬಲ್ ಮುಟ್ಟಿದರೆ ಕಿವಿ ಸುರಕ್ಷಿತವಾಗಿ ತಾಳುವುದು ದಿನಕ್ಕೆ ಹದಿನೈದೇ ನಿಮಿಷ. ನಮ್ಮ ತಾಯಿಯ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಎರಡು ದಿನ ಉಳಿದಿತ್ತು.

ಫಿಟ್ಸ್‌ಗಿಂತಲೂ ನನ್ನನ್ನು ಈಗ ರಾತ್ರಿ ಎಚ್ಚರಿಸುವುದು ಆ ಬಾಗಿಲಿಲ್ಲದ ಬಟ್ಟೆಯ ಗೋಡೆ ಮತ್ತು ಪಕ್ಕದ ಜನರೇಟರ್. ಅಂದು ಬಂದದ್ದು ಒಬ್ಬ ಹುಡುಗನಿಗೆ ಮೂರ್ಛೆ. ಅದರ ಬದಲು ಆ ಟೇಪು ಸುತ್ತಿದ ಕೇಬಲ್ಲಿನಿಂದ ಒಂದು ಕಿಡಿ ಹಾರಿದ್ದರೆ ಕತ್ತಲೆಯಲ್ಲಿ, ಹೊಗೆಯಲ್ಲಿ, ತಿರುವು ತಿರುವಿನ ಕೋಣೆಗಳಲ್ಲಿ ಇದ್ದವರೆಲ್ಲ ಯಾವ ಕಡೆಗೆ ಓಡಬೇಕಿತ್ತು? ಒಳಗೆ ಮೊದಲೇ ಕೃತಕ ಹೊಗೆ ತುಂಬಿರುವಾಗ ನಿಜವಾದ ಹೊಗೆ ಬಂದದ್ದೂ ಯಾರಿಗೂ ಬೇಗ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಗುಜರಾತಿನ ರಾಜಕೋಟದಲ್ಲಿ 2024ರ ಮೇ 25ರಂದು, ಬೇಸಿಗೆ ರಜೆಯಲ್ಲಿ ಮಕ್ಕಳಿಂದ ತುಂಬಿದ್ದ ಆಟದ ತಾಣಕ್ಕೆ ವೆಲ್ಡಿಂಗ್ ಕಿಡಿಯಿಂದ ಬೆಂಕಿ ಹೊತ್ತಿ ಇಪ್ಪತ್ತೇಳು ಜೀವ ಹೋದವು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆ ಆ ತಾಣ ನಡೆಯುತ್ತಿತ್ತು ಎಂಬುದು ಆಮೇಲೆ ಬಯಲಾಯಿತು. ಇವೆಲ್ಲ ಪತ್ರಿಕೆಯಲ್ಲಿ ಓದಿ ಮರುಗಿದ ಸುದ್ದಿಗಳು. ತಾಡಪಾಲಿನ ಕೆಳಗೆ ತೆವಳಿ ಬಂದ ಮೇಲೆ ಅವು ನನಗೆ ಸುದ್ದಿಯಾಗಿ ಉಳಿದಿಲ್ಲ.

ಹೋಗಲೇಬೇಡಿ ಎಂದು ನಾನು ಹೇಳಲಾರೆ; ಹಂಪಿಯ ರಥ ಕಂಡಾಗ ನಮ್ಮ ತಾಯಿಯ ಕಣ್ಣಲ್ಲಿ ಮೂಡಿದ ಬೆರಗನ್ನು ನಾನೂ ನೋಡಿದ್ದೇನೆ. ಆದರೆ ಕಿಟಕಿಯಲ್ಲಿ ಟಿಕೆಟ್ ಹರಿಯುವವರ ಮಾತನ್ನು ನಂಬಿ ಒಳಗೆ ಹೋಗಬೇಡಿ, ಅವರು ಆ ನಾಲ್ಕನೆಯ ಕೋಣೆಯನ್ನು ನೋಡಿರುವುದೂ ಸಂಶಯ. ದೀಪಗಳನ್ನು ನಡೆಸುವವರನ್ನೇ ಕರೆಸಿ, ಸ್ಟ್ರೋಬ್ ಇದೆಯೇ, ಯಾವ ಕೋಣೆಯಲ್ಲಿ, ನಮ್ಮ ತಂಡ ಹೋಗುವಾಗ ಅದನ್ನು ನಿಲ್ಲಿಸುತ್ತೀರಾ ಎಂದು ಹೆಸರಿಟ್ಟು ಕೇಳಿ. ಹೊಗೆ ಬಿಡುತ್ತಾರೆಯೇ ಎಂಬುದನ್ನು ಆಸ್ತಮಾ ಇರುವವರು ಕೇಳಲೇಬೇಕು. ಹಣ ಕೊಡುವ ಮೊದಲು ಡೇರೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ. ನಾವು ಅಷ್ಟು ಮಾಡಿದ್ದರೆ ಒಂದು ಪ್ರವೇಶ, ಒಂದು ನಿರ್ಗಮನ ಬಿಟ್ಟರೆ ಮೂರನೆಯ ಬಾಗಿಲಿಲ್ಲ ಎಂಬುದು ಹೊರಗೇ ತಿಳಿಯುತ್ತಿತ್ತು. ಅಗ್ನಿಶಾಮಕ ಇಲಾಖೆಯ ಪತ್ರವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಒಳಗೆ ಹೋದ ಮೇಲೆ ಹಿಂದಕ್ಕೆ ಬಿಡುತ್ತೀರಾ ಎಂಬ ಪ್ರಶ್ನೆಗೆ ಇಲ್ಲ ಎಂದರೆ ಅಲ್ಲಿಂದಲೇ ಮನೆಗೆ ತಿರುಗಿ.

ಹಣ ವಾಪಸು ಕೇಳಿದಾಗ ಟಿಕೆಟಿನ ಹಿಂಬದಿಯ ಸಾಲನ್ನು ನನಗೆ ತೋರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಟ್ಟ ಸೇವೆಯಲ್ಲಿ ಲೋಪವಿದ್ದು ರಸೀದಿಯಲ್ಲಿ ಬೇರೆ ಗಡುವು ಇಲ್ಲದಿದ್ದರೆ ಮೂವತ್ತು ದಿನಗಳೊಳಗೆ ಹಣ ಮರಳಿಸದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಹೊಣೆಯಲ್ಲ ಎಂದು ತಾವೇ ಅಚ್ಚು ಹಾಕಿಸಿಕೊಂಡ ಮಾತ್ರಕ್ಕೆ ದೂರು ಕೊಡುವ ನಮ್ಮ ಹಕ್ಕು ಹೋಗುವುದಿಲ್ಲ. ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ, ಟಿಕೆಟುಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದೇನೆ, ಅವರಿಂದ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಆ ಸಾವಿರದ ಇನ್ನೂರು ರೂಪಾಯಿ ನನಗೆ ಮುಖ್ಯವಲ್ಲ. ತಂಗಿಯ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫಿಟ್ಸ್ ಬಾರದ ದಿನಗಳಿಗೆ ಅವಳು ಹಾಕುತ್ತಿದ್ದ ಕುಂಕುಮದ ಚುಕ್ಕಿಗಳು ಅಲ್ಲಿಗೆ ನಿಂತು, ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗಿದೆ. ಅದನ್ನು ಮರಳಿಸಲು ಯಾರಿಂದಲೂ ಆಗದು.

ಮೊನ್ನೆ ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದ ಹತ್ತಿರ ಅವರ ಹೊಸ ಬ್ಯಾನರ್ ಕಟ್ಟುತ್ತಿದ್ದರು. ಹತ್ತಿರ ಹೋಗಿ ಮೇಲಿನಿಂದ ಕೆಳಗಿನವರೆಗೆ ಓದಿದೆ. ಊರಿನ ಹೆಸರು ಮತ್ತು ದಿನಾಂಕ ಬದಲಾಗಿವೆ, ‘ಮಕ್ಕಳಿಂದ ಹಿರಿಯರವರೆಗೆ ಎಲ್ಲರಿಗೂ’ ಎಂಬ ಸಾಲು ಹಾಗೆಯೇ ಇದೆ, ಮಿಟುಕುವ ಬೆಳಕಿನ ಬಗ್ಗೆ ಒಂದು ಅಕ್ಷರವೂ ಇಲ್ಲ.