ವೈಡ್ ಲೆನ್ಸ್ ಬೇಕು, ದುಡ್ಡು ಕಮ್ಮಿ: ಕ್ಯಾನನ್ 10-18ಓ, ಟೋಕಿನಾ 11-16ಓ?

ಚಿತ್ರದುರ್ಗದ ಕೋಟೆ ಇಡೀ ಒಂದೇ ಫೋಟೊದಲ್ಲಿ ಬರಬೇಕು ಅಂತ ವೈಡ್ ಲೆನ್ಸ್ ತಗೊಳ್ಳೋರಿಗೆ ಮೊದಲೇ ಒಂದು ಮಾತು. ಬರುತ್ತದೆ, ಆದರೆ ಕೋಟೆಯೇ ಕಾಣುವುದಿಲ್ಲ. ಲೆನ್ಸಿನ ಎಂ.ಎಂ. ಅಂಕೆ ಚಿಕ್ಕದಾದಷ್ಟೂ ನೋಟ ಅಗಲ; 10 ಎಂ.ಎಂ.ನಲ್ಲಿ ಬೆಟ್ಟ ಹೋಗಿ ದಿಬ್ಬ ಆಗುತ್ತದೆ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಊದುಬತ್ತಿ ಕಡ್ಡಿಯಷ್ಟಾಗುತ್ತವೆ. ಮಿಕ್ಕಿದ್ದೆಲ್ಲ ಬರೀ ಆಕಾಶ. ಈ ಲೆನ್ಸ್ ನಿಜವಾಗಿ ಬೇಕಾಗುವುದು ಹಿಂದೆ ಸರಿಯೋಕೆ ಜಾಗ ಇಲ್ಲದ ಕಡೆ. ಓಬವ್ವನ ಕಿಂಡಿ, ಚಂದ್ರವಳ್ಳಿಯ ಅಂಕಲಿ ಮಠದ ಗವಿ, ಹರಿಹರದ ಗುಡಿಯ ಮಂಟಪ, ಇಲ್ಲಾ ನಮ್ಮ ದಾವಣಗೆರೆಯ ಯಾವುದೋ ಕಲ್ಯಾಣ ಮಂಟಪದಲ್ಲಿ ಜನ ಕಿಕ್ಕಿರಿದ ಸ್ಟೇಜು. ಈ ಹೋಲಿಕೆಯನ್ನು ನಾನು ಮಾಡಿದ್ದು ಇಂಥ ಜಾಗಗಳಲ್ಲೇ.

ನನ್ನದು ಕ್ಯಾನನ್ 200ಡಿ. ಅಂದ್ರೆ ಕ್ರಾಪ್ ಸೆನ್ಸರ್, ದೊಡ್ಡ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರ್‌ಗಿಂತ ಚಿಕ್ಕದು; ನೋಟ ಹೋಲಿಸೋಕೆ ಎಂ.ಎಂ. ಅಂಕೆಯನ್ನು 1.6ರಿಂದ ಗುಣಿಸಬೇಕು. ಜೊತೆಗೆ ಬಂದ 18-55 ಕಿಟ್ ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 29 ಎಂ.ಎಂ.ನಿಂದ ಶುರುವಾಗುತ್ತದೆ, ಅದು ಅಷ್ಟೇನೂ ವೈಡ್ ಅಲ್ಲ. ಬಜೆಟ್ ಹದಿನೈದು ಸಾವಿರದ ಒಳಗೆ. ಹೊಸದು ಅನ್ನೋ ಆಸೆ ಬಿಟ್ಟು ಸೆಕೆಂಡ್ ಹ್ಯಾಂಡ್ ನೋಡಿದೆ. ಕೊನೆಗೆ ಉಳಿದವು ಎರಡು: ಕ್ಯಾನನ್‌ನ 10-18 ಐಎಸ್ ಎಸ್‌ಟಿಎಂ, ಟೋಕಿನಾದ 11-16 ಎಫ್ 2.8. (ಐಎಸ್ ಅಂದ್ರೆ ಕೈನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಅಂದ್ರೆ ಫೋಕಸ್ ಮೋಟರಿನ ಬಗೆ; ಎಫ್ ಅಂಕೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ.) ಕ್ಯಾನನ್ ಅನ್ನು ಮಾರುವವರ ಹತ್ತಿರವೇ ಕೇಳಿ ಒಂದು ವಾರ ಇಟ್ಟುಕೊಂಡೆ. ಟೋಕಿನಾ ಮದುವೆ ಫೋಟೊ ತೆಗೆಯುವ ಸ್ನೇಹಿತನದು. "ತಗೊಂಡ್ ಹೋಗಪ್ಪ, ಆದ್ರ ಭಾನುವಾರ ಮದುವಿ ಐತಿ, ಶನಿವಾರ ಸಂಜಿ ನನ್ ಕೈಯಾಗಿರ್ಬೇಕು" ಅಂದ.

ಕೈಗೆ ತಗೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಕ್ಯಾನನ್ 240 ಗ್ರಾಂ, ಕ್ಯಾಮೆರಾಗೆ ಕೂರುವ ಮೌಂಟ್ ಕೂಡ ಪ್ಲಾಸ್ಟಿಕ್. ಟೋಕಿನಾ ಹತ್ತಿರ ಹತ್ತಿರ 550 ಗ್ರಾಂ, ಗಟ್ಟಿಮುಟ್ಟಾದ ಮೈ. ಅದರ ಫೋಕಸ್ ರಿಂಗ್ ಹಿಂದಕ್ಕೆ ಎಳೆದರೆ ಮ್ಯಾನುಯಲ್, ಮುಂದಕ್ಕೆ ತಳ್ಳಿದರೆ ಆಟೊ. ಅದನ್ನು ಸುಮ್ನೆ ಕೂತು ಎಳೆದು ತಳ್ಳಿ ಮಾಡೋದೇ ಒಂದು ಖುಷಿ. 10-18ರ ರಿಂಗ್ ತಿರುಗಿಸಿದರೆ ಒಳಗಿನ ಮೋಟರ್ ಫೋಕಸ್ ಬದಲಿಸುತ್ತದೆ. ಹಾಗಾಗಿ ಕ್ಯಾಮೆರಾ ನಿದ್ದೆಗೆ ಹೋಗಿದ್ದರೆ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಕೈಗೆ ಟೋಕಿನಾ ಹಿತ. ಆದರೆ ಏಳು ಸುತ್ತಿನ ಕೋಟೆಯ ಮೆಟ್ಟಿಲು ಹತ್ತುವಾಗ ಕುತ್ತಿಗೆಗೆ ಹಿತ ಅನ್ನಿಸಿದ್ದು ಕ್ಯಾನನ್ನೇ.

ಕಿಂಡಿಗೆ ಬರೋಣ. ಬಂಡೆಗೆ ಬೆನ್ನು ತಾಗಿಸಿ ನಿಂತರೆ ಕಿಟ್ ಲೆನ್ಸ್‌ನಲ್ಲಿ ಎದುರಿನ ಬಂಡೆ ಬಿಟ್ಟು ಬೇರೇನೂ ಬರುವುದಿಲ್ಲ. 11ರಲ್ಲಿ ಕಿಂಡಿಯ ಬಾಯಿ ಬಂತು, ಮೇಲಿನ ಬಂಡೆಯ ಅಂಚು ಕಟ್ಟಾಯಿತು. 10ಕ್ಕೆ ಹಾಕಿದರೆ ಅದೂ ಬಂತು. ಒಂದು ಎಂ.ಎಂ. ತಾನೇ, ಏನ್ ಮಹಾ ಅಂತ ನಾನೂ ಅಂದುಕೊಂಡಿದ್ದೆ. ಟೆಲಿ ಲೆನ್ಸ್‌ನಲ್ಲಿ ಒಂದು ಎಂ.ಎಂ.ಗೆ ಬೆಲೆ ಇಲ್ಲ, ಇಲ್ಲಿ ಇದೆ. ನೋಟದ ಕೋನ 104 ಡಿಗ್ರಿಯಿಂದ 107ಕ್ಕೆ ಏರುತ್ತದೆ. ಇಕ್ಕಟ್ಟಿನಲ್ಲಿ ಆ ಮೂರು ಡಿಗ್ರಿ ಅಂದ್ರೆ ಒಂದು ಹೆಜ್ಜೆ ಹಿಂದೆ ಸರಿದ ಹಾಗೆ.

ಹತ್ತಿರ ಹೋಗುವುದರಲ್ಲೂ ಕ್ಯಾನನ್ ಮುಂದು. ಅದು 22 ಸೆಂ.ಮೀ.ವರೆಗೂ ಫೋಕಸ್ ಮಾಡುತ್ತದೆ, ಟೋಕಿನಾ 30ಕ್ಕೆ ನಿಲ್ಲುತ್ತದೆ. ಕೋಟೆಯೊಳಗೆ ಸಿಡಿಮದ್ದು ಬೀಸುವ ಜಾಗ ಇದೆಯಲ್ಲ, ಹಳ್ಳದಲ್ಲಿ ನಾಲ್ಕು ದೊಡ್ಡ ಬೀಸುಕಲ್ಲುಗಳು. ಅಲ್ಲಿ ಒಂದು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಲೆನ್ಸ್ ಅದಕ್ಕೆ ಒಂದು ಗೇಣು ದೂರ ಇಟ್ಟು ತೆಗೆಯಿರಿ. ಆ ಕಲ್ಲಿನ ಉಳಿ ಏಟುಗಳು ಒಂದೊಂದಾಗಿ ಕಾಣುತ್ತವೆ. ಉಳಿದ ಮೂರು ಕಲ್ಲು ಹಿಂದಕ್ಕೆ ಓಡಿದ ಹಾಗೆ ಚಿಕ್ಕದಾಗುತ್ತವೆ. ಹತ್ತಿರದ್ದು ದೊಡ್ಡದು, ದೂರದ್ದು ತೀರಾ ಸಣ್ಣದು: ವೈಡ್ ಲೆನ್ಸ್‌ನ ಆಟ ಇರೋದೇ ಇದರಲ್ಲಿ. ಮನುಷ್ಯರನ್ನು ಮಾತ್ರ ಫ್ರೇಮಿನ ಮೂಲೆಗೆ ನಿಲ್ಲಿಸಬೇಡಿ. ನನ್ನ ಅಕ್ಕನ ಮಗಳು ಮೂಲೆಯಲ್ಲಿ ನಿಂತ ಫೋಟೊ ನೋಡಿ ಇವತ್ತಿಗೂ ನನ್ನ ಜೊತೆ ಜಗಳ ಆಡುತ್ತಾಳೆ. ತಲೆ ಓರೆಯಾಗಿ ಎಳೆದಂತಾಗಿದೆ. ಈ ವಿಷಯದಲ್ಲಿ ಎರಡೂ ಲೆನ್ಸ್ ಒಂದೇ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಎಫ್ 2.8 ಬೇಕಲ್ವಾ? ಕ್ಯಾನನ್ 10ರಲ್ಲಿ ಎಫ್ 4.5, 18ಕ್ಕೆ ಹೋಗುವಷ್ಟರಲ್ಲಿ 5.6. ಟೋಕಿನಾ ಉದ್ದಕ್ಕೂ 2.8. ಲೆಕ್ಕ ಹಾಕಿದರೆ ಟೋಕಿನಾ ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಾಗದದ ಮೇಲೆ ಪಂದ್ಯ ಅಲ್ಲಿಗೇ ಮುಗಿಯಿತು. ಹರಿಹರೇಶ್ವರ ಗುಡಿಯೊಳಗೆ ಮುಗಿಯಲಿಲ್ಲ.

1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಕಡೆದ ಕಂಬಗಳ ಮಂಟಪ, ಒಳಗೆ ಹೋದಷ್ಟೂ ಕತ್ತಲು. ಇದೂ ದುರ್ಗದ ಕೋಟೆಯೂ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ, ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಎಲ್ಲ ಸ್ಪಷ್ಟ ಬರಬೇಕು ಅಂದ್ರೆ ಹೇಗೂ ಬೆಳಕಿನ ಕಂಡಿ ಕಿರಿದು ಮಾಡಿ ಎಫ್ 8ಕ್ಕೆ ಹೋಗಬೇಕು. ಅಲ್ಲಿಗೆ 2.8ರ ಲಾಭ ಖಲಾಸ್. ಎಫ್ 8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 800 ಇಟ್ಟರೆ ಸೆಕೆಂಡಿನ ಕಾಲು ಭಾಗ ಶಟರ್ ಬಂತು. 10-18ರ ಐಎಸ್ ನಾಲ್ಕು ಸ್ಟಾಪ್‌ವರೆಗೆ (ಒಂದೊಂದು ಸ್ಟಾಪಿಗೂ ಶಟರ್ ಸಮಯ ದುಪ್ಪಟ್ಟು) ಕೈನಡುಕ ತಡೆಯುತ್ತದೆ ಅಂತ ಕ್ಯಾನನ್ ಹೇಳುತ್ತದೆ. ಅಷ್ಟೂ ಸಿಗುತ್ತದೋ ಬಿಡುತ್ತದೋ, ಕಂಬಕ್ಕೆ ಭುಜ ಒರಗಿಸಿ ಉಸಿರು ಬಿಗಿಹಿಡಿದರೆ ಹೆಚ್ಚಿನವು ಚೂಪಾಗಿಯೇ ಬಂದವು. ಟೋಕಿನಾಕ್ಕೆ ಐಎಸ್ ಇಲ್ಲ. ಅದೇ ಫೋಟೊಗೆ ಐಎಸ್‌ಒ 3200ಕ್ಕೆ ಏರಿಸಿ, ಶಟರ್ 1/15ಕ್ಕೆ ತರಬೇಕಾಯಿತು. ಕಂಬದ ನೆರಳಿನ ಭಾಗದಲ್ಲಿ ಗ್ರೇನ್ (ಮರಳಿನಂಥ ಚುಕ್ಕಿಗಳು) ತುಂಬಿತು. ಕಲ್ಲು ಅಲುಗಾಡುವುದಿಲ್ಲ, ಅಲುಗಾಡೋದು ನಮ್ಮ ಕೈ. ಹಾಗಿರುವಾಗ ಐಎಸ್ಸೇ ಜಾಸ್ತಿ ಉಪಯೋಗ.

ಮದುವೆ ಸ್ಟೇಜಿನ ಮೇಲೆ ಇದು ಪೂರ್ತಿ ತಿರುಗಿಬಿಡುತ್ತದೆ. ಅಕ್ಷತೆ ಬೀಳುವ ಹೊತ್ತಿಗೆ ಎಲ್ಲರ ಕೈ ಮೇಲೆ, ಶಟರ್ 1/125 ಆದರೂ ಬೇಕು. ಕೈ ನಡುಗದಿದ್ದರೆ ಸಾಲದು, ಎದುರಿನ ಜನವೂ ನಿಲ್ಲಬೇಕು, ಅವರು ನಿಲ್ಲುತ್ತಾರಾ! ಟೋಕಿನಾದಲ್ಲಿ 1600ಕ್ಕೆ ಬರುವ ಫೋಟೊ 10-18ರಲ್ಲಿ ಐಎಸ್‌ಒ 4000 ಕೇಳುತ್ತದೆ. 200ಡಿಯಂಥ ಬಾಡಿಯಲ್ಲಿ 4000 ಅಂದ್ರೆ ರೇಷ್ಮೆ ಸೀರೆಯ ಜರಿ ಎಲ್ಲಾ ಕಲಸಿಹೋಗುತ್ತದೆ. ನನ್ನ ಸ್ನೇಹಿತ ಯಾಕೆ ಟೋಕಿನಾ ಇಟ್ಟುಕೊಂಡಿದ್ದಾನೆ ಅನ್ನೋದು ಇಲ್ಲಿ ಅರ್ಥವಾಯಿತು. ಕಾಸು ಮಾಡುವುದು ಮದುವೆಯಿಂದ ಆದರೆ ಬೇರೆ ಯೋಚನೆಯೇ ಬೇಡ.

ಬಿಸಿಲಿನಲ್ಲಿ ಟೋಕಿನಾಕ್ಕೆ ಒಂದು ಕಾಯಿಲೆ ಇದೆ. ಕಪ್ಪು ಬಂಡೆಯ ಅಂಚು ಬೆಳ್ಳಗಿನ ಆಕಾಶಕ್ಕೆ ತಾಗುವ ಕಡೆ ನೇರಳೆ ಗೆರೆ ಬರುತ್ತದೆ. ದುರ್ಗದಲ್ಲಿ ಎಲ್ಲಿ ನೋಡಿದರೂ ಬಂಡೆ, ಮೇಲೆ ಆಕಾಶ, ಇನ್ನು ಕೇಳಬೇಕಾ. ಕಂಪ್ಯೂಟರಿನಲ್ಲಿ ಸರಿ ಮಾಡಬಹುದು. ಕ್ಯಾನನ್ ಲೆನ್ಸ್‌ನದ್ದಾದರೆ ಕ್ಯಾಮೆರಾನೇ ಸರಿ ಮಾಡಿ ಕೊಡುತ್ತದೆ, ಬೇರೆ ಕಂಪನಿ ಲೆನ್ಸ್‌ಗೆ ಆ ಭಾಗ್ಯ ಇಲ್ಲ. ಸೂರ್ಯನನ್ನು ಫ್ರೇಮಿನೊಳಗೆ ತಂದರೂ ಟೋಕಿನಾದಲ್ಲಿ ಬಣ್ಣದ ಚುಕ್ಕಿಗಳು ಜಾಸ್ತಿ.

ಫಿಲ್ಟರ್ ಖರ್ಚು ಮರೆಯಬೇಡಿ. ಕ್ಯಾನನ್‌ಗೆ 67 ಎಂ.ಎಂ., ಟೋಕಿನಾಕ್ಕೆ 77. ದೊಡ್ಡದಾದಷ್ಟೂ ದುಬಾರಿ. ಸಂತೆಬೆನ್ನೂರಿನ ಪುಷ್ಕರಿಣಿಯಲ್ಲಿ ನೀರಿನ ಹೊಳಪು ಕಡಿಮೆ ಮಾಡಿ ಮೆಟ್ಟಿಲು ತೋರಿಸೋಕೆ ಪೋಲರೈಸರ್ ಬಹಳ ಒಳ್ಳೆಯದು. ಆದರೆ ಇಷ್ಟು ವೈಡ್‌ನಲ್ಲಿ ಆಕಾಶ ಸೇರಿಸಿದರೆ ಒಂದು ಕಡೆ ಕಡು ನೀಲಿ, ಇನ್ನೊಂದು ಕಡೆ ಮಾಸಲು ಬರುತ್ತದೆ. ಲೆನ್ಸ್‌ನ ತಪ್ಪಲ್ಲ. ವಸಂತ ಮಂಟಪವನ್ನೂ ನೀರನ್ನೂ ಇಟ್ಟುಕೊಂಡು ಆಕಾಶ ಬಿಟ್ಟುಬಿಡಿ.

ನಕ್ಷತ್ರದ ಹುಚ್ಚಿರೋರು ಸಾಮ್ಯಾಂಗ್ 14 ಎಫ್ 2.8 ಬಗ್ಗೆ ಕೇಳುತ್ತಾರೆ. ಬಾಡಿಗೆಗೆ ತಂದು ನೋಡಿದೆ. ಫೋಕಸ್, ಅಪರ್ಚರ್ (ಎಫ್ ಅಂಕೆ) ಎರಡೂ ಕೈಯಲ್ಲೇ ತಿರುಗಿಸಬೇಕು. ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ಸಾಮಾನ್ಯ ಫಿಲ್ಟರ್ ಹಾಕೋಕೆ ಬರುವುದಿಲ್ಲ. ಕ್ರಾಪ್ ಬಾಡಿಯಲ್ಲಿ ಅದು 22 ಎಂ.ಎಂ. ಆಗಿಬಿಡುತ್ತದೆ, ಕಿಂಡಿಗೆ ಸಾಲದು. ಮಾರಿಕಣಿವೆ ಅಣೆಕಟ್ಟಿನ ಕಡೆ ರಾತ್ರಿ ಕೂರುವವರಿಗೆ ಸರಿ.

ಇನ್ನು ಕಾಸೇ ಖರ್ಚಿಲ್ಲದ ದಾರಿ. ಕೋಟೆಯ ತುದಿಯಿಂದ ಊರು ಕಾಣುವ ನೋಟ ಬೇಕಾದರೆ ಕಿಟ್ ಲೆನ್ಸ್ ಸಾಕು. ಕ್ಯಾಮೆರಾ ಉದ್ದಕ್ಕೆ ಹಿಡಿದು, ಎಕ್ಸ್‌ಪೋಶರ್ ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ, ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವಂತೆ ಸಾಲಾಗಿ ತೆಗೆದು ಹ್ಯೂಗಿನ್‌ನಲ್ಲಿ ಅಂಟಿಸಿ. ಆ ಸಾಫ್ಟ್‌ವೇರ್ ಉಚಿತ. ಬೆಟ್ಟ ಬೆಟ್ಟದ ಹಾಗೇ ಕಾಣುತ್ತದೆ, ವಿವರವೂ ಈ ಎರಡೂ ವೈಡ್ ಲೆನ್ಸ್‌ಗಿಂತ ಚೆನ್ನಾಗಿ ಬರುತ್ತದೆ. ಕಿಂಡಿ, ಗವಿಗಳಲ್ಲಿ ಮಾತ್ರ ಇದು ನಡೆಯಲ್ಲ. ಹತ್ತಿರದ ಬಂಡೆ ಒಂದೊಂದು ಫೋಟೊದಲ್ಲಿ ಒಂದೊಂದು ಕಡೆ ಸರಿದು ಅಂಟು ತಪ್ಪುತ್ತದೆ.

ನಾನು ಇಟ್ಟುಕೊಂಡಿದ್ದು 10-18. ನಮ್ಮ ಕಡೆ ಟೋಕಿನಾಕ್ಕೆ ಹೇಳಿದ ಬೆಲೆ ಇದರ ಒಂದೂವರೆ ಪಟ್ಟು ಇತ್ತು. ಕೋಟೆ, ಗುಡಿ, ಗವಿ ಸುತ್ತುವವನಿಗೆ ಆ ಹೆಚ್ಚಿನ ಕಾಸಿಗೆ ಸಿಗುವುದು ತೂಕ ಮಾತ್ರ. ಕ್ಯಾನನ್‌ನ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಆರ್ ಸರಣಿ ಕ್ಯಾಮೆರಾದವರಿಗೆ 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ಇದೆ, ಬರೀ 150 ಗ್ರಾಂ. ನಿಕಾನ್‌ನವರಿಗೆ ಎಎಫ್-ಪಿ 10-20 ಇದೇ ಜಾತಿಯದು. ಆದರೆ ಡಿ3200, ಡಿ5100 ತರಹದ ಹಳೇ ಬಾಡಿಗಳಲ್ಲಿ ಅದು ಫೋಕಸ್ಸೇ ಮಾಡಲ್ಲ, ಕೇಳಿ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಗಾಜಿನೊಳಗೆ ನೋಡಿ. ಧೂಳು ಎರಡು ಕಣ ಇದ್ದರೆ ಚಿಂತೆ ಇಲ್ಲ, ನಮ್ಮೂರಲ್ಲಿ ಧೂಳಿಲ್ಲದ ಲೆನ್ಸ್ ಎಲ್ಲಿದೆ. ಮಲೆನಾಡಿನ ಕಡೆಯಿಂದ ಬಂದದ್ದಾದರೆ ಫಂಗಸ್ ಹುಡುಕಿ, ಬಿಳಿ ದಾರದಂತೆ ಕವಲೊಡೆದಿರುತ್ತದೆ. ಆಮೇಲೆ ಒಂದು ಇಟ್ಟಿಗೆ ಗೋಡೆಗೆ ನೇರ ನಿಂತು ಎಫ್ 5.6ರಲ್ಲಿ ಒಂದು ಫೋಟೊ ತೆಗೆದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ನಾಲ್ಕೂ ಸ್ವಲ್ಪ ಮೆತ್ತಗಿದ್ದರೆ ಪರವಾಗಿಲ್ಲ, ವೈಡ್ ಲೆನ್ಸ್ ಇರೋದೇ ಹಾಗೆ. ಒಂದು ಮೂಲೆ ಮಾತ್ರ ಮಬ್ಬಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಅಂತ. ಬೆಲೆ ಎಷ್ಟೇ ಇಳಿಸಿದರೂ ಅದು ಬೇಡ.