ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆ: ಅರಿವಳಿಕೆಗೆ ಪೂರ್ತಿ ಮಾರ್ಕು, ರಾತ್ರಿ ವಾರ್ಡಿಗೆ ಇಲ್ಲ

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ, ಸುಮ್ನೆ ಯಾಕೆ ಜಗಳ. ಮಡಿಕೇರಿಯಲ್ಲಿರುವ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆ ಅಂದುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಅತ್ತೆ ಪಾಚಿ ಕಟ್ಟಿದ ಕಾಫಿ ಕಣದಲ್ಲಿ ಜಾರಿ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದುಕೊಂಡರು. ವಯಸ್ಸು ಎಪ್ಪತ್ತು ದಾಟಿದೆ, ಬಿಪಿಯೂ ಇದೆ. ನಮ್ಮ ಕಡೆ ಇಂಥದ್ದಾದರೆ ಎಲ್ಲರ ಬಾಯಲ್ಲಿ ಬರುವ ಮೊದಲ ಮಾತು "ಮೈಸೂರಿಗೆ ಕರ್ಕೊಂಡು ಹೋಗಿ". ಮುರಿದ ಕಾಲಿನಲ್ಲಿ 120 ಕಿಲೋಮೀಟರ್ ಹತ್ತಿರದ ದಾರಿ, ಅದೂ ಆ ಮಳೆಯಲ್ಲಿ. ಬೇಡ ಅಂತ ಇಲ್ಲೇ ಸೇರಿಸಿದೆವು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಎಕ್ಸ್‌ರೇ ಆಗುತ್ತಿದ್ದಂತೆ ಅರಿವಳಿಕೆ ಡಾಕ್ಟರ್ ಕ್ಯಾಶುಯಲ್ಟಿಗೇ ಇಳಿದು ಬಂದರು. ಆಪರೇಷನ್ ಇದ್ದದ್ದು ಮರುದಿನ, ಆದರೂ ಬಂದರು. ಚಿಕ್ಕ ಸ್ಕ್ಯಾನಿಂಗ್ ಮೆಷಿನ್ ಇಟ್ಟು ನೋಡಿಕೊಂಡು ತೊಡೆಸಂದಿಯ ಹತ್ತಿರ ಒಂದು ಇಂಜೆಕ್ಷನ್ ಕೊಟ್ಟರು. ನರಕ್ಕೆ ಕೊಡುವ ಬ್ಲಾಕ್ ಅಂತೆ ಇದು, ಇದರಿಂದ ಎಚ್ಚರ ತಪ್ಪುವುದಿಲ್ಲ, ಆ ಭಾಗದ ನೋವು ಮಾತ್ರ ಮರಗಟ್ಟುತ್ತದೆ. ಅಷ್ಟು ಹೊತ್ತು ಹಾಸಿಗೆಯ ಬಟ್ಟೆ ಎಳೆದರೂ ಕಿರುಚುತ್ತಿದ್ದ ಅತ್ತೆ, ಅರ್ಧ ಗಂಟೆಯೊಳಗೆ "ಮನೆಯಲ್ಲಿ ಕೋಳಿಗೂಡು ಮುಚ್ಚಿದ್ರಾ" ಅಂತ ವಿಚಾರಿಸತೊಡಗಿದರು.

ಆಮೇಲೆ ಇದರ ಬಗ್ಗೆ ಓದಿದೆ. ಸೊಂಟದ ಮೂಳೆ ಮುರಿದವರಿಗೆ ಕೊಡುವ ಈ ಬ್ಲಾಕ್ ಬಗ್ಗೆ ನಡೆದ 49 ಪ್ರಯೋಗಗಳನ್ನು, ಅಂದರೆ ಮೂರು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆ 2020ರಲ್ಲಿ ಒಂದು ವಿಮರ್ಶೆ ತಂದಿದೆ. ಅಲುಗಾಡಿದಾಗ ಬರುವ ನೋವು ಅರ್ಧ ಗಂಟೆಯಲ್ಲೇ ಇಳಿಯುತ್ತದೆ, ವಯಸ್ಸಾದವರಿಗೆ ಆಪರೇಷನ್ ಸಮಯದಲ್ಲಿ ಬರುವ ಬುದ್ಧಿಗೊಂದಲವೂ ಕಮ್ಮಿ ಆಗುತ್ತದೆ ಅಂತ ಅದರಲ್ಲಿದೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಆಗಬೇಕಿಲ್ಲ, ಕಲಿತ ಕೈ ಮತ್ತು ಒಂದು ಮೆಷಿನ್ ಇದ್ದರೆ ಸಾಕು. ಮಡಿಕೇರಿಯಲ್ಲಿ ಇದು ಸಿಕ್ಕಿತು, ಅದಕ್ಕೇ ಈ ರಿವ್ಯೂ ಬರೆಯಬೇಕು ಅನ್ನಿಸಿದ್ದು.

ಇನ್ನು ನೆಂಟರ ಪಂಚಾಯ್ತಿ. ಆಪರೇಷನ್‌ಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್ನಾ, ಎಚ್ಚರ ತಪ್ಪಿಸಿ ಪೂರ್ತಿ ಮತ್ತು ಬರಿಸುವುದಾ? ಚಿಕ್ಕಮ್ಮ ಗೋಣಿಕೊಪ್ಪದಿಂದ ಫೋನ್ ಮಾಡಿ "ಬೆನ್ನಿಗೆ ಚುಚ್ಚಿಸಬೇಡ, ಸಾಯೋವರೆಗೂ ಬೆನ್ನು ನೋವು" ಅಂದರು. ಭಾವ "ಪೂರ್ತಿ ಮತ್ತು ಕೊಟ್ರೆ ಈ ವಯಸ್ಸಲ್ಲಿ ತಲೆ ಕೆಡುತ್ತೆ" ಅಂದರು. ಡಾಕ್ಟರ್ ಇಬ್ಬರದ್ದೂ ತಾಳ್ಮೆಯಿಂದ ಕೇಳಿ, ಎರಡರಲ್ಲಿ ಯಾವುದಾದರೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ, ಇವರ ಎದೆಗೂ ಬಿಪಿಗೂ ನೋಡಿ ನಾನು ಬೆನ್ನಿಗೆ ಕೊಡುತ್ತೇನೆ ಅಂದರು. ಹಾರಿಕೆಯ ಮಾತು ಇರಬಹುದೇನೋ ಅಂದುಕೊಂಡೆ, ಆದರೆ ಅಲ್ಲ. ಇವೆರಡನ್ನೂ ಹೋಲಿಸಲು ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1600 ರೋಗಿಗಳ ಮೇಲೆ ನಡೆದ ರೀಗೇನ್ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 60 ದಿನಗಳೊಳಗೆ ತೀರಿಕೊಂಡವರು ಮತ್ತು ಆ ಹೊತ್ತಿಗೆ ಬೇರೆಯವರ ಸಹಾಯವಿಲ್ಲದೆ ನಡೆಯಲಾಗದವರು ಸೇರಿ ಬೆನ್ನಿನ ಇಂಜೆಕ್ಷನ್ ಗುಂಪಿನಲ್ಲಿ 18.5 ಶೇಕಡಾ, ಪೂರ್ತಿ ಮತ್ತಿನ ಗುಂಪಿನಲ್ಲಿ 18 ಶೇಕಡಾ. ಬುದ್ಧಿಗೊಂದಲವೂ ಹತ್ತಿರ ಹತ್ತಿರ ಸಮ. ಚೀನಾದಲ್ಲಿ 65 ದಾಟಿದ 950 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗ, 2022ರದ್ದು, ಅದೇ ಹೇಳಿತು. ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ, ಅದು ಬೇರೆ ವಿಷಯ.

ಹಾಗಾದರೆ ವ್ಯತ್ಯಾಸ ಆಗುವುದೆಲ್ಲಿ? ಆಪರೇಷನ್‌ಗೆ ಮುಂಚಿನ ಕಾಯುವಿಕೆಯಲ್ಲಿ, ಆಮೇಲಿನ ಮೊದಲ ರಾತ್ರಿಯಲ್ಲಿ. ಇವೆರಡರಲ್ಲೂ ಈ ಆಸ್ಪತ್ರೆ ಎಡವಿತು.

ಕಾಯುವಿಕೆಯ ಕಥೆ ಹೀಗೆ. ಹಿಂದಿನ ರಾತ್ರಿ ಊಟ ಆದ ಮೇಲೆ ನೀರೂ ಮುಟ್ಟಬಾರದು ಅಂತ ಬೋರ್ಡ್ ನೇತುಹಾಕಿದರು. ಸರದಿ ಬಂದದ್ದು ಮರುದಿನ ಮಧ್ಯಾಹ್ನ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ನಿಯಮದಲ್ಲಿ ಆಪರೇಷನ್‌ಗೆ ಎರಡು ಗಂಟೆ ಮುಂಚಿನವರೆಗೂ ತಿಳಿ ದ್ರವ ಕುಡಿಯಬಹುದು, ಹಾಲಿಲ್ಲದ ಕಾಫಿಯೂ ಅದರಲ್ಲಿ ಸೇರುತ್ತದೆ. ನಮ್ಮ ಮನೆಯ ಬೆಲ್ಲದ ಕರಿ ಕಾಫಿಗೆ ಅಮೆರಿಕದಲ್ಲೇ ಪರ್ಮಿಷನ್ ಇದೆ, ಮಡಿಕೇರಿ ವಾರ್ಡಿನಲ್ಲಿ ಇಲ್ಲ! ಶುಗರ್ ಇರುವವರಿಗೆ, ಹೊಟ್ಟೆ ನಿಧಾನ ಇರುವವರಿಗೆ ನಿಯಮ ಬೇರೆ ಇರಬಹುದು, ಅದನ್ನು ಡಾಕ್ಟರೇ ಹೇಳಬೇಕು. ಆದರೆ ಕೇಳಿದರೆ ಸಿಸ್ಟರ್ "ಎಲ್ಲರಿಗೂ ಇದೇ ರೂಲ್ಸ್" ಅಂದರು, ಮುಗಿಯಿತು. ಬಾಯಿ ಒಣಗಿ ಅತ್ತೆ ಮಾತೇ ಆಡುತ್ತಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಬೆನ್ನಿಗೆ ಕೊಡುವ ಮೊದಲು ಮತ್ತೊಮ್ಮೆ ಬ್ಲಾಕ್ ಹಾಕಿದ್ದರಿಂದ ಕೂರಿಸುವಾಗಲೂ ನೋವಿರಲಿಲ್ಲ.

ರಾತ್ರಿ ಎಲ್ಲ ಮಂಪರೂ ಇಳಿಯಿತು. ಬೆನ್ನಿನ ಇಂಜೆಕ್ಷನ್ ಪಡೆದವರಿಗೆ ಮೊದಲ 24 ಗಂಟೆಯ ನೋವು ಸ್ವಲ್ಪ ಜಾಸ್ತಿಯೇ ಇತ್ತು ಅಂತ ಅದೇ ರೀಗೇನ್ ತಂಡ ಆಮೇಲೆ ಬರೆದಿದೆ, ಅಂದರೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಚಾರ್ಟಿನಲ್ಲಿ ಪ್ಯಾರಾಸಿಟಮಾಲ್ "ನೋವಿದ್ದರೆ ಮಾತ್ರ" ಅಂತ ಬರೆದಿತ್ತು. ಹೊತ್ತು ಹೊತ್ತಿಗೆ ಕೊಟ್ಟಿದ್ದರೆ ನೋವು ಅಷ್ಟು ಏರುತ್ತಲೇ ಇರಲಿಲ್ಲ. ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ಅವರು ಎತ್ತದೆ, ಮತ್ತೆ ಮಾಡಿ, ಕೊನೆಗೆ ಅವರು ಕಣ್ಣುಜ್ಜಿಕೊಂಡು ಬಂದು ಟ್ರಾಮಡಾಲ್ ಅನ್ನುವ ಜೋರು ನೋವಿನ ಮದ್ದು ಹಾಕಿಸುವ ಹೊತ್ತಿಗೆ ಅತ್ತೆ ಅತ್ತು ಸುಸ್ತಾಗಿದ್ದರು. ಆಮೇಲೆ ವಾಂತಿ, ಬೆಳಗಿನ ಜಾವಕ್ಕೆ ನನ್ನನ್ನು ತೀರಿಹೋದ ಅವರ ತಂಗಿ ಅಂದುಕೊಂಡು ಮಾತಾಡಿಸಿದರು. ವಯಸ್ಸಾದವರಿಗೆ ಇಂಥ ಮದ್ದು ಜಾಸ್ತಿಯಾದರೂ ಗೊಂದಲ, ನೋವನ್ನು ಹಾಗೇ ಬಿಟ್ಟರೂ ಗೊಂದಲ. ಹಾಗಾಗಿಯೇ ಸಾದಾ ಮದ್ದನ್ನು ಮೊದಲಿಂದ ಸರಿಯಾಗಿ ಕೊಡಬೇಕು, ಅಲ್ವಾ? ಮಧ್ಯಾಹ್ನದ ಹೊತ್ತಿಗೆ ತಲೆ ಸರಿಯಾಯಿತು, ಸದ್ಯ.

ಬೆಳಿಗ್ಗೆ ರೌಂಡ್ಸಿಗೆ ಬಂದ ಅರಿವಳಿಕೆ ಡಾಕ್ಟರಿಗೆ ಹೇಳಿದೆ. ಅವರು ಚಾರ್ಟ್ ತೆಗೆದು ನೋಡಿ ಅಲ್ಲೇ ಆರು ಗಂಟೆಗೊಮ್ಮೆ ಅಂತ ತಿದ್ದಿದರು. ಅಂದೇ ಫಿಸಿಯೋ ಹುಡುಗಿ ವಾಕರ್ ಹಿಡಿಸಿ ಎಬ್ಬಿಸಿ ನಿಲ್ಲಿಸಿದಳು, ಅದೂ ಚೆನ್ನಾಗಿತ್ತು.

ನಿಮ್ಮವರನ್ನು ಸೇರಿಸುವುದಾದರೆ ಮೊದಲೇ ಕೇಳಿ: ಬ್ಲಾಕ್ ಕೊಡುತ್ತೀರಾ, ನೀರು ಎಷ್ಟು ಗಂಟೆಯವರೆಗೆ, ರಾತ್ರಿ ನೋವಾದರೆ ಯಾರನ್ನು ಕರೆಯಬೇಕು. ಮೂರನೆಯದಕ್ಕೆ ಹೆಸರು ಹಿಡಿದು ಉತ್ತರ ಬರುವವರೆಗೆ ಬಿಡಬೇಡಿ. ಬಿಲ್ಲು ಮೈಸೂರಿನ ರೇಟಿಗಿಂತ ಕಮ್ಮಿ ಅಂತ ನೆಂಟರು ಹೇಳುತ್ತಾರೆ, ಆದರೆ ಬಿಡಿಬಿಡಿಯಾಗಿ ಬರೆದು ಕೊಡಿ ಅಂತ ಕೌಂಟರಿನಲ್ಲಿ ಎರಡು ಸಲ ಹೇಳಬೇಕಾಯಿತು. ಕ್ಯಾಂಟೀನಿನ ನೂಪುಟ್ಟು ಪರವಾಗಿಲ್ಲ. ಪಾರ್ಕಿಂಗ್ ಇಲ್ಲವೇ ಇಲ್ಲ, ಜೀಪನ್ನು ಕೆಳಗಿನ ರಸ್ತೆಯಲ್ಲೇ ಬಿಟ್ಟು ಹತ್ತಿ ಬನ್ನಿ.